ಆಸ್ಪತ್ರೆ ಸಿಬ್ಬಂದಿಗೆ ಫ್ಲೂ ಲಸಿಕೆ: ಭಾಷಣ ಸಾಕು, ವಾರ್ಡಿಗೇ ಸೂಜಿ ಬರಲಿ

ವಿಜಯಪುರ: ಮಳೆಗಾಲ ಬಂತಂದ್ರ ತಿಕೋಟಾ, ಬಬಲೇಶ್ವರದ ಆಸ್ಪತ್ರೆಗಳಲ್ಲಿ ಕೆಮ್ಮು, ನೆಗಡಿ, ಜ್ವರದವರ ಸಾಲು ಉದ್ದ ಆಗ್ತದ. ಉಸಿರಾಟದ ತೊಂದರೆ ಹೆಚ್ಚಾದವರನ್ನು ವಿಜಯಪುರಕ್ಕೆ ಕರೆತರುತ್ತಾರೆ. ಇವರೆಲ್ಲರ ಹತ್ತಿರ ದಿನವಿಡೀ ಇರುವವರು ನರ್ಸ್, ಆಯಾ, ವಾರ್ಡ್ ಬಾಯ್, ಕಸ ಗುಡಿಸುವವರು. ಅವರಿಗೇ ಫ್ಲೂ ತಗುಲಿದರೆ ಅದು ಹಾಸಿಗೆಯಿಂದ ಹಾಸಿಗೆಗೆ ಹಬ್ಬುತ್ತದೆ. ಲಕ್ಷಣ ಕಾಣುವ ಒಂದು ದಿನ ಮೊದಲೇ ಸೋಂಕು ಇನ್ನೊಬ್ಬರಿಗೆ ದಾಟಬಲ್ಲದು.

ಇದು ಬರೀ ನೆಗಡಿ ಅಲ್ಲ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ 82 ವರ್ಷದ ವೃದ್ಧರು ಎಚ್3ಎನ್2 ಫ್ಲೂಗೆ ಬಲಿಯಾದರು. ಅವರಿಗೆ ಸಕ್ಕರೆ ಕಾಯಿಲೆ, ಬಿಪಿ ಇತ್ತು. ಅಂಥ ಹಿರಿಯರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಆಗ ಸರ್ಕಾರ ಆರೋಗ್ಯ ಸಿಬ್ಬಂದಿಗೆ ಮಾಸ್ಕ್ ಕಡ್ಡಾಯ ಮಾಡಿತು.

ಲಸಿಕೆಗೆ ಅಡ್ಡಿ ಏನು?

ಮೊದಲನೆಯದು ದುಡ್ಡು. ಆರೋಗ್ಯ ಸಿಬ್ಬಂದಿ ಫ್ಲೂ ಲಸಿಕೆ ಪಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಕೇಂದ್ರ ಸರ್ಕಾರವೂ ಹೇಳುತ್ತವೆ. ಆದರೆ ಮಕ್ಕಳಿಗೆ ಉಚಿತವಾಗಿ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ. ವೈರಸ್ ಬದಲಾಗುವುದರಿಂದ ಪ್ರತಿ ವರ್ಷ ಹಾಕಿಸಬೇಕು. ಗುತ್ತಿಗೆ ಮೇಲೆ ದುಡಿಯುವವರು ಕೈಯಿಂದ ಖರ್ಚು ಮಾಡ್ತಾರಂದ್ರ ಯಾರು ನಂಬ್ತಾರ?

ಎರಡನೆಯದು ಭಯ. ‘ಹಾಕಿಸ್ಕೊಂಡ್ರ ಜ್ವರ ಬರ್ತದ’ ಅನ್ನುವ ಮಾತು ಇದೆ. ಸೂಜಿಯಲ್ಲಿರುವುದು ಜೀವಂತ ವೈರಸ್ ಅಲ್ಲ, ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋವು, ಸಣ್ಣ ಮೈಬಿಸಿ ಇರಬಹುದು. ಹಾಗಂತ ಇದು ನೂರಕ್ಕೆ ನೂರು ರಕ್ಷಣೆಯೂ ಅಲ್ಲ. ಹರಡಿರುವ ವೈರಸ್‌ಗೆ ಹೊಂದಿಕೆಯಾದ ವರ್ಷ ಕಾಯಿಲೆ ಬೀಳುವ ಸಾಧ್ಯತೆ ಸುಮಾರು 40ರಿಂದ 60ರಷ್ಟು ಶೇಕಡಾ ಇಳಿಯುತ್ತದೆ.

ದಾರಿ ನಮಗೆ ಗೊತ್ತಿರುವುದೇ

2021ರ ಜನವರಿ 16ರಂದು ಕೋವಿಡ್ ಲಸಿಕೆ ಶುರುವಾದಾಗ ಮೊದಲು ಪಡೆದವರು ಆರೋಗ್ಯ ಸಿಬ್ಬಂದಿ. ಹೆಸರಿನ ಪಟ್ಟಿ ಇತ್ತು, ದಿನ ಗೊತ್ತಿತ್ತು, ದುಡ್ಡು ಕೊಡುವಂತಿರಲಿಲ್ಲ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ ಫ್ಲೂ ಲಸಿಕೆಯನ್ನು ಕೆಲಸದ ಷರತ್ತನ್ನಾಗಿ ಮಾಡಿ 97 ಶೇಕಡಾ ದಾಟಿತು. ನಮ್ಮಲ್ಲಿ ಕಡ್ಡಾಯದ ಮಾತು ಆಮೇಲೆ, ಮೊದಲು ಲಸಿಕೆ ಕೈಗೆ ಸಿಗಬೇಕು.

ಆಗಬೇಕಾದ್ದು ಇಷ್ಟೇ. ಮಳೆಗೆ ಮುಂಚೆ, ಏಪ್ರಿಲ್-ಮೇನಲ್ಲಿ ಪುಕ್ಕಟೆ ಲಸಿಕೆ ಕೊಡಬೇಕು, ಯಾಕಂದ್ರೆ ರಕ್ಷಣೆ ಬರಲು ಎರಡು ವಾರ ಬೇಕು. ರಾತ್ರಿ ಪಾಳಿಯವರಿಗೂ ಸಿಗುವಂತೆ ಸೂಜಿ ವಾರ್ಡಿಗೇ ಹೋಗಬೇಕು. ಗುತ್ತಿಗೆಯವರ ಹೆಸರೂ ಪಟ್ಟಿಯಲ್ಲಿರಬೇಕು. ಎಷ್ಟು ಮಂದಿ ಹಾಕಿಸಿಕೊಂಡರೆಂಬ ಲೆಕ್ಕ ಆಸ್ಪತ್ರೆಯ ಬೋರ್ಡ್ ಮೇಲೆ ಬರಬೇಕು.

ಆಸ್ಪತ್ರೆ ಮುಂದಿನ ಚಹಾ ಅಂಗಡಿ, ಮೆಡಿಕಲ್ ಶಾಪ್‌ನವರಿಗೂ ಇದು ಸಂಬಂಧಿಸಿದ್ದೇ, ಅದೇ ಸಿಬ್ಬಂದಿ ಅವರ ದಿನದ ಗಿರಾಕಿಗಳು. ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರು ಕೇಳಬೇಕಾದ ಪ್ರಶ್ನೆ ಒಂದೇ: ಈ ವರ್ಷ ಎಷ್ಟು ಮಂದಿಗೆ ಹಾಕಿದ್ರಿ?