ಕೇಳದೆ ಬಂದ ರೊಕ್ಕ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಇಂಡಿ ಕಡೆಯ ಹಿರಿಯರೊಬ್ಬರಿದ್ದಾರೆ. ಮುಂಬಯಿಯ ಒಂದು ಸರಕಾರಿ ಕಚೇರಿಯಲ್ಲಿ ಜವಾನರಾಗಿದ್ದು 2019ರಲ್ಲಿ ನಿವೃತ್ತರಾದರು. ಊರ ಮನೆಯ ಮಾಳಿಗೆ ರಿಪೇರಿಗೆಂದು ನೆಚ್ಚಿಕೊಂಡಿದ್ದ ಗ್ರಾಚ್ಯುಟಿಯಲ್ಲಿ 62,000 ರೂಪಾಯಿ ಒಂದೇ ಏಟಿಗೆ ಕಡಿತ! ಕಾರಣವೇನೆಂದರೆ, ಹತ್ತು ವರ್ಷದ ಹಿಂದೆ ಸಂಬಳ ನಿಗದಿ ಮಾಡುವಾಗ ಕಚೇರಿಯವರೇ ಒಂದು ಇಂಕ್ರಿಮೆಂಟ್ ಹೆಚ್ಚಿಗೆ ಹಾಕಿದ್ದರಂತೆ.

“ಸಾಹೇಬ್ರ, ನಾ ಕೇಳಿದ್ದೇನ್ರಿ? ತಾವಾಗೇ ಕೊಟ್ರು, ತಾವಾಗೇ ಕಸ್ಕೊಂಡ್ರು” ಅಂದರು.

ಹೆಚ್ಚಿಗೆ ಬಂದ ಹಣ ನಮ್ಮದಲ್ಲ, ಒಪ್ಪೋಣ. ಕೌಂಟರಿನಲ್ಲಿ ಐನೂರು ಜಾಸ್ತಿ ಕೊಟ್ಟರೆ ಗಿರಾಕಿ ವಾಪಸು ಮಾಡಬೇಕಾದ್ದೇ. ಆದರೆ ಅದು ಅವತ್ತಿನ ಸಂಜೆಯೊಳಗಿನ ಮಾತು. ಲೆಕ್ಕದಲ್ಲಿ ಕ್ಯಾಶ್ ಕಡಿಮೆ ಬಿದ್ದರೆ ನಮ್ಮ ಕ್ಯಾಶಿಯರ್ ಕೈಯಿಂದ ಕಟ್ಟುತ್ತಿದ್ದ. ಸಂಬಳದ ಬಿಲ್ಲು ಮಾಡುವವರಿಗೆ ಆ ಬಿಸಿ ಯಾಕಿಲ್ಲ? ಹತ್ತು ವರ್ಷ ಮಲಗಿದ್ದವರು ಅವರು, ಎದ್ದ ದಿನ ದಂಡ ಜವಾನನಿಗೆ!

ಸುಪ್ರೀಂ ಕೋರ್ಟು 2014ರ ರಫೀಕ್ ಮಸೀಹ್ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಸರಕಾರಿ ಸೇವೆಯ ಮೂರನೇ, ನಾಲ್ಕನೇ ದರ್ಜೆಯವರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದಲ್ಲಿ ನಿವೃತ್ತರಾಗುವವರಿಂದ, ಐದು ವರ್ಷಕ್ಕೂ ಮಿಕ್ಕಿ ಪಾವತಿಯಾಗಿದ್ದರೆ ಯಾರಿಂದಲೂ ವಸೂಲಿ ಸಲ್ಲದು. ನಮ್ಮ ಹಿರಿಯರು ಈ ಮೂರಕ್ಕೂ ಸಲ್ಲುತ್ತಾರೆ. 2022ರಲ್ಲಿ ಕೇರಳದ ನಿವೃತ್ತ ಶಿಕ್ಷಕರೊಬ್ಬರ ಪ್ರಕರಣದಲ್ಲೂ ಕೋರ್ಟು ವಸೂಲಿಯನ್ನು ತಡೆಯಿತು.

ಹಾಗಾದರೆ ಕಚೇರಿಗೆ ಧೈರ್ಯ ಬಂದದ್ದೆಲ್ಲಿಂದ? ಮುಚ್ಚಳಿಕೆಯಿಂದ. ‘ಹೆಚ್ಚು ಬಂದರೆ ಹಿಂದಿರುಗಿಸುತ್ತೇನೆ’ ಎಂಬ ಇಂಗ್ಲಿಷ್ ಕಾಗದಕ್ಕೆ ಅವರು ಸಹಿ ಹಾಕಿದ್ದರು. ಸಹಿ ಮಾಡಿದವನು ಅದಕ್ಕೆ ಬದ್ಧ ಎಂದು 2016ರ ಜಗದೇವ್ ಸಿಂಗ್ ತೀರ್ಪು ಹೇಳಿತು, ನಿಜ. ಆದರೆ ಅವರು ಒಬ್ಬ ನ್ಯಾಯಾಧೀಶರು, ಜವಾನರಲ್ಲ. ಅವರಿಗೂ ಕೋರ್ಟು ಎರಡು ವರ್ಷದ ಮಾಸಿಕ ಕಂತು ಮಾಡಿಕೊಟ್ಟಿತು. ನ್ಯಾಯಾಧೀಶರಿಗೆ ಕಂತು, ಜವಾನನಿಗೆ ಕತ್ತರಿಯೇ?

ನಾನೂ ಪಾಪ ಮಾಡಿದವನೇ. ಮ್ಯಾನೇಜರ್ ಆಗಿದ್ದಾಗ ಇಂಥ ಫಾರಂಗಳಿಗೆ “ಇಲ್ಲಿ ಸೈನ್ ಹಾಕಪ್ಪಾ” ಎಂದು ಎಷ್ಟು ಜನರಿಂದ ಹಾಕಿಸಿದ್ದೇನೋ. ಅದರಲ್ಲೇನಿದೆ ಎಂದು ಒಬ್ಬನಿಗೂ ಓದಿ ಹೇಳಲಿಲ್ಲ.

ಪರವೂರಲ್ಲಿ ದುಡಿಯುವ ನಮಗೆ ಒಂದು ಚಾಳಿ ಇದೆ: “ಬಂದದ್ದು ಹೊಟ್ಟೆಪಾಡಿಗೆ, ತಂಟೆ ಯಾಕೆ?” ಹೀಗೆ ಸುಮ್ಮನಿದ್ದೇ ಕಳಕೊಂಡೆವು. ಭಾಷೆ ತಿಳಿಯದ ಕಾಗದವನ್ನು ಓದಿಸಿಕೊಳ್ಳದೆ ಸಹಿ ಮಾಡಬೇಡಿ. ಕಡಿತ ಬಂದರೆ ಲೆಕ್ಕವನ್ನೂ ಕಂತನ್ನೂ ಬರವಣಿಗೆಯಲ್ಲಿ ಕೇಳಿ. ಕೇಳುವುದು ತಂಟೆಯಲ್ಲ, ಲೆಕ್ಕ.