ತರಗತಿಯ ನಗೆ

ಗುರುಶಿಷ್ಯರ ಬಾಂಧವ್ಯವನ್ನು ಕುರಿತು ಬರೆಯುವವರು ಗುರುಗಳಿಗೆ ಸಹನೆಯನ್ನೂ ಶಿಷ್ಯರಿಗೆ ವಿನಯವನ್ನೂ ಬೋಧಿಸಿ ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಇವರಿಬ್ಬರ ನಡುವೆ ಮೂರನೆಯವರೂ ಇದ್ದಾರೆ. ಅವರೇ ನಾವು, ಎಂದರೆ ಸಹಪಾಠಿಗಳು. ಉಪಾಧ್ಯಾಯರು ಎಷ್ಟೇ ಸಹೃದಯರಾಗಿರಲಿ, ವಿದ್ಯಾರ್ಥಿಯೊಬ್ಬನು ಅವರೆದುರು ಬಾಯಿ ತೆರೆಯುವನೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಮುಂಬಯಿಯ ಕನ್ನಡ ಶಾಲೆಯ ತರಗತಿಯೆಂದರೆ ಒಂದು ಕಿರಿಯ ಕರ್ನಾಟಕವೇ ಸರಿ. ಉಡುಪಿ, ಮಂಗಳೂರುಗಳ ಕಡೆಯಿಂದ ಬಂದ ಮನೆತನಗಳಲ್ಲಿ ಹಲವರದು ತುಳು, ಕೆಲವರದು ಕೊಂಕಣಿ. ವಿಜಯಪುರ, ಕಲಬುರಗಿಗಳ ಕಡೆಯವರದು ಬೇರೆಯೇ ಬೆಡಗಿನ ಕನ್ನಡ. ಬೀದಿಗಿಳಿದರೆ ಎಲ್ಲರಿಗೂ ಮರಾಠಿ, ಹಿಂದಿ. ಪಠ್ಯಪುಸ್ತಕದ ಕನ್ನಡವು ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ಹೀಗಿರುವಾಗ ಎದ್ದು ನಿಂತು ಪ್ರಶ್ನೆ ಕೇಳುವುದೇ ಒಂದು ಸಾಹಸ. ‘ತಿಳೀಲಿಲ್ರೀ ಸರ್’ ಎಂದವನಿಗೆ ಏನು ತಿಳಿಯಲಿಲ್ಲವೆಂಬುದು ನಮಗೆ ಬೇಕಿಲ್ಲ. ಆ ‘ರೀ’ ಮಾತ್ರ ಕಿವಿಗೆ ಬೀಳುತ್ತದೆ. ಹಿಂದಿನ ಬೆಂಚಿನಿಂದ ನಗೆಯೇಳುತ್ತದೆ. ಆ ವರ್ಷ ಅವನು ಮತ್ತೊಮ್ಮೆ ಏಳುವುದಿಲ್ಲ. ಎಲ್ಲರಿಗೂ ಅರ್ಥವಾಯಿತೆಂದು ಬಗೆದು ಗುರುಗಳು ಮುಂದಿನ ಪಾಠಕ್ಕೆ ಸಾಗುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವನ್ನು ಕಾನೂನು ಕಸಿದುಕೊಂಡಿತು. ಸಹಪಾಠಿಯ ನಗೆಯನ್ನು ಯಾವ ಕಾನೂನು ತಡೆದೀತು? ಆರರಿಂದ ಎಂಟರವರೆಗಿನ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ನಗರದ ಕನ್ನಡ ತರಗತಿಗೆ 35 ಮಂದಿ ದೊರೆತರೆ ಅದೇ ಭಾಗ್ಯ! ಕಿಕ್ಕಿರಿದ ತರಗತಿಯೆಂಬ ನೆಪವಂತೂ ನಮಗಿಲ್ಲ.

ಗುರುಗಳು ಮನಸ್ಸು ಮಾಡಿದರೆ ನಗೆಯ ಬಾಯನ್ನು ಗದರದೆಯೇ ಮುಚ್ಚಿಸಬಲ್ಲರು. ಸಸ್ಯಕೋಶವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಲು ತೆಗೆದುಕೊಳ್ಳುವ ಪೊರೆ ಪುಸ್ತಕದ ಮಾತಿನಲ್ಲಿ ಈರುಳ್ಳಿಯದು. ಕರಾವಳಿಯವರಿಗೆ ಅದು ನೀರುಳ್ಳಿ, ಉತ್ತರದವರಿಗೆ ಉಳ್ಳಾಗಡ್ಡಿ, ಮಾರುಕಟ್ಟೆಯಲ್ಲಿ ಕಾಂದಾ. ಈ ನಾಲ್ಕನ್ನೂ ಕರಿಹಲಗೆಯ ಮೇಲೆ ಸಾಲಾಗಿ ಬರೆಯಲು ಒಂದು ನಿಮಿಷ ಸಾಕು. ಉಳ್ಳಾಗಡ್ಡಿಯೆಂದವನೇ ಆಮೇಲೆ ಆ ಪೊರೆಯ ಮೇಲೆ ಅಯೋಡಿನ್ ಹನಿಯನ್ನು ಏಕೆ ಹಾಕಬೇಕೆಂದು ಅಂಜದೆ ಕೇಳಿಯಾನು. ಕೋಶಕೇಂದ್ರವು ಬಣ್ಣ ತಳೆದು ಕಣ್ಣಿಗೆ ಕಾಣಲೆಂದು ಎಂಬ ಉತ್ತರವು ಅವನೊಬ್ಬನಿಗಲ್ಲ, ಕೇಳಲು ಅಂಜಿ ಕುಳಿತ ನಮಗೂ ದೊರೆಯುತ್ತದೆ.

ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆಗಳನ್ನು ಬರೆದು ಪೆಟ್ಟಿಗೆಗೆ ಹಾಕೋಣವೆಂಬುದು ಕೆಲವು ಮಿತ್ರರ ಸಲಹೆ. ನಮಗದು ಒಪ್ಪಿಗೆಯಿಲ್ಲ. ಪ್ರಶ್ನೆಗೆ ಉತ್ತರ ದೊರೆತೀತು. ಕೇಳಿದವನು ಮಾತ್ರ ಗುರುಗಳಿಗೆ ಅಪರಿಚಿತನಾಗಿಯೇ ಉಳಿದಾನು. ಅದಕ್ಕಿಂತ, ವಾರಕ್ಕೊಮ್ಮೆ ಕೊನೆಯ ಅವಧಿಯಲ್ಲಿ ಹತ್ತು ನಿಮಿಷಗಳನ್ನು ಪ್ರಶ್ನೆಗಳಿಗೆಂದೇ ಬಿಟ್ಟುಕೊಡಬೇಕೆಂದು ಗುರುವೃಂದದಲ್ಲಿ ವಿನಂತಿಸುತ್ತೇವೆ. ಆಗ ಅವರವರ ಮನೆಯ ಮಾತಿನಲ್ಲೇ ಕೇಳಲು ಅನುಮತಿಯಿರಲಿ. ತುಳು ಬಾರದ ಗುರುಗಳಿಗೆ, ನಿನ್ನೆಯವರೆಗೆ ನಗುತ್ತಿದ್ದ ಪಕ್ಕದ ಬೆಂಚಿನವನೇ ಎದ್ದು ನಿಂತು ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಲಿ.