ಸಂಗೀತೋತ್ಸವದ ಸಭಾಮರ್ಯಾದೆ

ಚೈತ್ರಮಾಸವು ಕಾಲಿಟ್ಟೊಡನೆ ಬೆಂಗಳೂರು ಮೈಸೂರುಗಳ ಬಡಾವಣೆಗಳಲ್ಲಿ ರಾಮನವಮಿಯ ಪೆಂಡಾಲುಗಳು ಏಳುವುದೂ, ಪಾನಕ ಕೋಸಂಬರಿಗಳ ವಿನಿಯೋಗವಾದ ಮೇಲೆ ವಿದ್ವಾಂಸರ ಕಛೇರಿಗಳು ಮೊದಲಾಗುವುದೂ ನಮ್ಮ ನಾಗರಿಕ ಜೀವನದ ಒಂದು ಭಾಗವೇ ಆಗಿಬಿಟ್ಟಿದೆ. 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ಉತ್ಸವವು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನವನ್ನು ರಸಿಕರ ಪಾಲಿಗೆ ಕ್ಷೇತ್ರಸಮಾನವನ್ನಾಗಿ ಮಾಡಿದೆ. ಇಂಥ ಉತ್ಸವಗಳ ಆಮಂತ್ರಣ ಪತ್ರಿಕೆಗಳಲ್ಲಿ ಸರ್ವರಿಗೂ ಆದರದ ಸ್ವಾಗತವೆಂದು ಅಚ್ಚುಮಾಡಿಸುವುದು ವಾಡಿಕೆ. ಆದರೆ ಬಾಗಿಲು ತೆರೆದಿರುವುದು ಒಂದು ಸಂಗತಿ. ಬಂದವರು ಆ ಬಾಗಿಲನ್ನು ನಿರ್ಭಯವಾಗಿ ದಾಟಿ, ಮರ್ಯಾದೆಯಿಂದ ಕುಳಿತು, ಕ್ಷೇಮವಾಗಿ ಮನೆಗೆ ಮರಳುವುದು ಮತ್ತೊಂದು. ಈ ಎರಡನೆಯದು ಸದ್ಭಾವನೆಯೊಂದರಿಂದಲೇ ತಾನಾಗಿ ಸಿದ್ಧಿಸತಕ್ಕದ್ದಲ್ಲ, ಬುದ್ಧಿಪೂರ್ವಕವಾಗಿ ಏರ್ಪಡಿಸಬೇಕಾದದ್ದು ಎಂಬುದೇ ಇಲ್ಲಿ ನನ್ನ ವಾದ.

ಭಕ್ತಿಯೂ ಕಲಾಭಿಮಾನವೂ ಇರುವೆಡೆಯಲ್ಲಿ ಅನ್ಯಾಯಕ್ಕೆ ಅವಕಾಶವೆಲ್ಲಿ ಎಂದು ಕೇಳುವವರು ತಿರುವಯ್ಯಾರಿನ ಚರಿತ್ರೆಯನ್ನು ಸ್ಮರಿಸಬೇಕು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ದೇವದಾಸಿ ಕುಲದವರು. ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಮೇಲೆ ಸ್ವಂತ ಸಂಪಾದನೆಯನ್ನು ಸುರಿದು ಅವರು ಕಟ್ಟಿಸಿದ ಮಂದಿರವು 1920ರ ದಶಕದ ಮಧ್ಯದಲ್ಲಿ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯನ್ನು ನಡೆಸುತ್ತಿದ್ದ ಪೆರಿಯ ಕಚ್ಚಿ, ಚಿನ್ನ ಕಚ್ಚಿ ಎಂಬ ಎರಡು ಪಂಗಡದವರೂ ಹೆಂಗಸರು ಅಲ್ಲಿ ಹಾಡಲು ಸಮ್ಮತಿಸಲಿಲ್ಲ. ಮಂದಿರವನ್ನು ಕಟ್ಟಿಸಿದಾಕೆಗೇ ಅದರ ಮುಂದೆ ಹಾಡುವ ಅಧಿಕಾರವಿಲ್ಲವಾಯಿತು. ಆಕೆ ಆ ಮಹನೀಯರ ಮನಸ್ಸು ಕರಗಲೆಂದು ಕೈಕಟ್ಟಿ ಕುಳಿತಿರದೆ, 1927ರಲ್ಲಿ ಹೆಂಗಸರದೇ ಮೂರನೆಯ ಪಂಗಡವೊಂದನ್ನು ಕಟ್ಟಿ ಮಂದಿರದ ಹಿಂಭಾಗದಲ್ಲಿ ಹಾಡಿಸಿದರು. ಮೂರು ಪಂಗಡಗಳೂ ಒಂದಾಗಿ, ಗಂಡಸರೂ ಹೆಂಗಸರೂ ಒಂದೇ ಸನ್ನಿಧಿಯಲ್ಲಿ ಹಾಡುವಂತಾಗಲು 1940ರ ಸುಮಾರಿನವರೆಗೆ ಕಾಯಬೇಕಾಯಿತು. ಅಲ್ಲಿದ್ದವರಲ್ಲಿ ಭಕ್ತಿಗೆ ಕೊರತೆಯಿತ್ತೆಂದು ಯಾರು ಹೇಳಿಯಾರು? ಕೊರತೆಯಿದ್ದದ್ದು ನಿಯಮದಲ್ಲಿ, ಅದನ್ನು ತಿದ್ದಿದ್ದು ಸಂಘಟನೆ.

ಇಂದು ಹೆಂಗಸರು ವೇದಿಕೆಯ ಮಧ್ಯದಲ್ಲಿ ಕುಳಿತು ಹಾಡುತ್ತಾರೆ, ನಿಜ. ಆದರೆ ವೇದಿಕೆಯ ಹಿಂದಿನ ಕೋಣೆಯ ವಿಚಾರವೇನು? ಗುರುವಿನ ಒಂದು ಮಾತಿನಿಂದ ಕಛೇರಿ ದೊರೆಯುವ, ಕಾರ್ಯದರ್ಶಿಯ ಒಂದು ಅಸಮಾಧಾನದಿಂದ ಕಛೇರಿ ತಪ್ಪುವ ಈ ಕ್ಷೇತ್ರದಲ್ಲಿ, ತಂಬೂರಿ ಮೀಟಲು ಬಂದ ಹದಿನೆಂಟರ ಶಿಷ್ಯೆಯೊಬ್ಬಳು ತನಗಾದ ಅವಮಾನವನ್ನು ಯಾರ ಮುಂದೆ ಹೇಳಿಕೊಳ್ಳಬೇಕು? 2018ರಲ್ಲಿ ಮದರಾಸಿನ ಸಂಗೀತ ಲೋಕದಿಂದ ಇಂಥ ದೂರುಗಳು ಬಹಿರಂಗವಾದಾಗ, ಅಲ್ಲಿಯ ಮ್ಯೂಸಿಕ್ ಅಕಾಡೆಮಿಯು ಆ ವರ್ಷದ ಮಾರ್ಗಳಿ ಉತ್ಸವದಿಂದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. ಆರೋಪವು ಬೀದಿಗೆ ಬಂದ ಮೇಲೆ ಹೆಸರನ್ನು ತೆಗೆಯುವುದಕ್ಕಿಂತ, ದೂರನ್ನು ಮೊದಲೇ ಕೇಳಿ, ಇಬ್ಬರ ಮಾತನ್ನೂ ವಿಚಾರಿಸಿ ತೀರ್ಮಾನಿಸುವ ಮಾರ್ಗವಿರುವುದು ದೂರು ಕೊಟ್ಟವರಿಗೂ ದೂರಿಗೊಳಗಾದವರಿಗೂ ನ್ಯಾಯವಾದದ್ದು. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿಯನ್ನೂ, ಸಣ್ಣ ಸಂಸ್ಥೆಗಳವರಿಗಾಗಿ ಜಿಲ್ಲೆಯಲ್ಲೊಂದು ಸ್ಥಳೀಯ ಸಮಿತಿಯನ್ನೂ ವಿಧಿಸಿದೆ. ದೂರು ಕೊಡುವಾಕೆ ಅಲ್ಲಿಯ ನೌಕರಳೇ ಆಗಿರಬೇಕೆಂಬ ನಿರ್ಬಂಧವೂ ಅದರಲ್ಲಿಲ್ಲ. ಇಷ್ಟನ್ನು ಬಲ್ಲ ಸಭೆಗಳೆಷ್ಟು, ಬಲ್ಲವುಗಳಲ್ಲಿ ಅದನ್ನು ಪೆಂಡಾಲಿನ ಬೋರ್ಡಿನ ಮೇಲೆ ಬರೆದವೆಷ್ಟು?

ಮಾನದಂತೆಯೇ ಪ್ರಾಣವೂ ವ್ಯವಸ್ಥೆಯ ಅಧೀನ. 2023ರ ನವೆಂಬರ್ 25ರಂದು ಕೊಚ್ಚಿ ವಿಶ್ವವಿದ್ಯಾನಿಲಯದ ಬಯಲು ಸಭಾಂಗಣದಲ್ಲಿ ಗಾಯನವು ಆರಂಭವಾಗುವ ಮುನ್ನವೇ ನಾಲ್ವರು ತರುಣ ತರುಣಿಯರು ಮೃತರಾದರು. ಮಳೆ ಹನಿಯಿತು, ಹೊರಗೆ ಕಾದಿದ್ದ ಜನ ಒಳಕ್ಕೆ ನುಗ್ಗಿತು, ಬಾಗಿಲಿನಿಂದ ಕೆಳಕ್ಕಿಳಿಯುವ ಕಡಿದಾದ ಮೆಟ್ಟಿಲುಗಳ ಮೇಲೆ ಮುಂದಿನವರು ಬಿದ್ದರು, ಹಿಂದಿನವರಿಗೆ ಅದು ಕಾಣಲಿಲ್ಲ. ಅಲ್ಲಿ ಯಾರಲ್ಲಿಯೂ ದುರುದ್ದೇಶವಿರಲಿಲ್ಲವೆಂಬುದೇ ಗಮನಿಸಬೇಕಾದ ಅಂಶ. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಮಂದಿ ಸತ್ತ ಸಂದರ್ಭ ಸಂಗೀತದ್ದಲ್ಲವಾದರೂ, ಬಾಗಿಲ ಬಳಿಯ ನೂಕುನುಗ್ಗಲು ಕಲಿಸುವ ಪಾಠ ಅದೇ. ಎಷ್ಟು ಮಂದಿಗೆ ಸ್ಥಳವಿದೆ, ಒಳಬರುವ ದಾರಿ ಯಾವುದು, ಹೊರಹೋಗುವ ದಾರಿ ಯಾವುದು, ಮಳೆ ಬಂದರೆ ಜನ ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು ಮುಂಚಿತವಾಗಿ ನಿಂತು ನೋಡಿದವನೊಬ್ಬನಿದ್ದರೆ, ಅವನು ಮುಖ್ಯ ಅತಿಥಿಗೆ ಹಾರ ಹಾಕುವವನಿಗಿಂತ ಉತ್ಸವಕ್ಕೆ ಹೆಚ್ಚು ಬೇಕಾದವನು.

ಇನ್ನು ಸಾಮಾನ್ಯ ಪೆಂಡಾಲೊಂದನ್ನು ಹೊಕ್ಕು ನೋಡೋಣ. ಮುಂದಿನ ಎರಡು ಸಾಲು ಸೋಫಾಗಳು ದಾನಿಗಳಿಗೂ ಪಾಸು ಪಡೆದವರಿಗೂ ಮೀಸಲು. ಅವು ತನಿ ಆವರ್ತನದವರೆಗೂ ಅರ್ಧ ಖಾಲಿ. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಎಷ್ಟು ಒತ್ತಾಗಿ ಹಾಕಿದ್ದಾರೆಂದರೆ, ಗಾಲಿಕುರ್ಚಿಯಲ್ಲಿ ಬಂದವರು ಚಪ್ಪಲಿ ರಾಶಿಯ ಪಕ್ಕದಲ್ಲಿಯೇ ನಿಲ್ಲಬೇಕು. ಹೆಂಗಸರ ಶೌಚಾಲಯ ಮೈದಾನದ ಕಡೆಯ ಮೂಲೆಯಲ್ಲಿದೆ, ಅಲ್ಲಿಗೆ ದೀಪವಿಲ್ಲ. ಆದುದರಿಂದಲೇ ಎಷ್ಟೋ ಮಂದಿ ಮುದುಕಿಯರು ಮನೆಯಿಂದ ನೀರು ಕುಡಿಯದೆ ಬರುತ್ತಾರೆ, ಪಲ್ಲವಿಗೆ ಮುಂಚೆಯೇ ಎದ್ದು ಹೋಗುತ್ತಾರೆ. ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ಆದರೂ ಅವರು ಹೊರಗಾದರು. ವಿಕಲಚೇತನರಿಗೆ ಸಾಂಸ್ಕೃತಿಕ ಜೀವನದಲ್ಲಿ ಸಮಾನವಾದ ಪಾಲಿದೆಯೆಂದು 2016ರ ಕಾಯಿದೆಯು ಸಾರಿದೆಯಾದರೂ, ಒಂದು ಹಲಗೆಯ ಇಳಿಜಾರನ್ನು ಹಾಕಿಸದ ಹೊರತು ಆ ಪಾಲು ಕಾಗದದ ಮೇಲೆಯೇ ಉಳಿಯುತ್ತದೆ.

ಸಂಗೀತ ಸಭೆಗೆ ಬರತಕ್ಕವರು ಸಭ್ಯರು, ಅವರಿಗೆ ಕಟ್ಟುಕಟ್ಟಳೆಗಳನ್ನು ಓದಿಹೇಳುವುದು ಅವಮಾನವೆಂದು ಹಿರಿಯರು ಕೆಲವರು ಆಕ್ಷೇಪಿಸುತ್ತಾರೆ. ತಾಳವು ವಿದ್ವಾಂಸನಿಗೆ ಅವಮಾನವಾಗದಿದ್ದರೆ, ನಿಯಮವು ರಸಿಕನಿಗೆ ಅವಮಾನವಾಗಲಾರದು. ಚಂದಾ ಹಣದಲ್ಲಿ ನಡೆಯುವ ಸಣ್ಣ ಸಭೆಗಳಿಗೆ ಇವೆಲ್ಲ ಹೊರೆಯೆಂಬ ಆಕ್ಷೇಪಕ್ಕೆ ಹೆಚ್ಚು ತೂಕವುಂಟು. ಆದರೆ ದೂರು ಕೇಳುವ ಹೆಣ್ಣುಮಗಳೊಬ್ಬಳ ಹೆಸರನ್ನೂ ದೂರವಾಣಿಯನ್ನೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚುಮಾಡಿಸಲು, ಕುರ್ಚಿಗಳ ನಡುವೆ ದಾರಿ ಬಿಡಲು, ಕಡೆಯ ಮೂಲೆಗೊಂದು ದೀಪ ಕಟ್ಟಲು, ಕಛೇರಿ ಆರಂಭವಾದ ಮೇಲೆ ಖಾಲಿ ಸೋಫಾಗಳನ್ನು ವೃದ್ಧರಿಗೆ ಬಿಟ್ಟುಕೊಡಲು ತಗಲುವ ವೆಚ್ಚವೆಷ್ಟು? ಉಳಿದ ಭಾರವನ್ನು ಹಣ ಕೊಡುವವರು ಹೊರಲಿ. ಉತ್ಸವಗಳಿಗೆ ಧನಸಹಾಯ ನೀಡುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ, ವೇದಿಕೆಯ ಮೇಲೆ ತಮ್ಮ ಹೆಸರಿನ ಫಲಕವನ್ನು ಬಯಸುವ ಬ್ಯಾಂಕು ವ್ಯಾಪಾರ ಸಂಸ್ಥೆಗಳೂ ಕಲಾವಿದರ ಪಟ್ಟಿಯನ್ನು ಕೇಳುವಾಗಲೇ ಈ ಏರ್ಪಾಡುಗಳ ಪಟ್ಟಿಯನ್ನೂ ಕೇಳಲಿ. ಅದಿಲ್ಲದ ಅರ್ಜಿಯನ್ನು ಹಿಂದಕ್ಕೆ ಕಳುಹಿಸಲಿ. ಹಾಗೊಂದೆರಡು ಅರ್ಜಿಗಳು ಹಿಂದಿರುಗಿದರೆ ಸಾಕು, ಮುಂದಿನ ಚೈತ್ರದ ಹೊತ್ತಿಗೆ ಎಲ್ಲ ಸಭೆಗಳ ಕಾರ್ಯದರ್ಶಿಗಳೂ ಟೇಪು ಹಿಡಿದು ತಮ್ಮ ಪೆಂಡಾಲಿನ ಬಾಗಿಲನ್ನು ಅಳೆಯುತ್ತಿರುತ್ತಾರೆ.